ಅಪ್ಪನ ಪೋಸ್ಟರಿನಲ್ಲಿ ಉಳಿದದ್ದು

ನಮ್ಮ ಪೋಸ್ಟರ್ ವಿನ್ಯಾಸದ ಸ್ಟುಡಿಯೋದಲ್ಲಿ ಇರುವುದು ಮೂರೇ ಜನ: ನಾವು ಅಕ್ಕ ಎಂದು ಕರೆಯುವ ಯಜಮಾನತಿ, ಜೇಬಿನಲ್ಲಿ ಸದಾ ಸ್ಕೇಲ್ ಇಟ್ಟುಕೊಂಡು ಅಳತೆ ಎಂದೇ ಹೆಸರಾದವನು, ಮತ್ತು ನಾನು. ಗೋಡೆ ಬಿಳಿ, ಮೇಜು ಬಿಳಿ, ಅಕ್ಷರ ಕಪ್ಪು. ಯಾವ ಕೆಲಸವೇ ಇರಲಿ, ಮುದ್ರಣಕ್ಕೆ ಹೋಗುವ ಮುನ್ನ ಮೂವರೂ ಅದರಿಂದ ಒಂದೊಂದು ಅಂಶ ತೆಗೆಯಲೇಬೇಕು. ಇದು ಅಕ್ಕನ ಕಟ್ಟಪ್ಪಣೆ. ತೆಗೆಯಲು ಏನೂ ಕಾಣದವರಿಗೆ ಕಣ್ಣೇ ಇಲ್ಲ ಎಂದು ಅವರ ವಾದ.

ಈ ಸಲದ ಪೋಸ್ಟರ್ ನನ್ನ ಅಪ್ಪನದು. ಜೀವಮಾನವಿಡೀ ಬಚ್ಚಲುಮನೆಯ ಬಾಗಿಲು ಹಾಕಿಕೊಂಡೇ ಮೌತ್ ಆರ್ಗನ್ ಊದಿದ ಮನುಷ್ಯ, ಅರವತ್ತೆಂಟರಲ್ಲಿ ಮೊದಲ ಬಾರಿಗೆ ಜನರೆದುರು ನುಡಿಸಲು ಒಪ್ಪಿದ್ದರು. "ಹತ್ತು ಜನ ಬರ್ಲಿಲ್ಲ ಅಂದ್ರೆ ಇನ್ಮೇಲೆ ಅದನ್ನ ಮುಟ್ಟೋದೇ ಇಲ್ಲ" ಎಂದೂ ಹೇಳಿದ್ದರು. ಅಪ್ಪ ಆಡಿದಂತೆ ಮಾಡುವವರು.

ಬೆಳಿಗ್ಗೆ ಅಕ್ಕ ಪೋಸ್ಟರಿನಿಂದ ಅಪ್ಪನ ಫೋಟೋ ತೆಗೆದುಹಾಕಿದರು. ಕೈಯಲ್ಲಿದ್ದ ಮೌತ್ ಆರ್ಗನ್ನೂ ಅದರ ಜೊತೆಗೇ ಹೋಯಿತು. ಮಧ್ಯಾಹ್ನ ಅಳತೆ ಸಭಾಂಗಣದ ವಿಳಾಸ ತೆಗೆದು, ಪುಟ ಈಗ ಉಸಿರಾಡುತ್ತಿದೆ ಎಂದ. ಸಂಜೆ ನಾನು ಅಪ್ಪನ ಹೆಸರು ತೆಗೆದೆ. ಹೌದು, ನಾನೇ. ಎಂಥ ಚೆಂದದ ಖಾಲಿ ಜಾಗ ಸಿಕ್ಕಿತೆಂದರೆ ಮೂವರೂ ಚಪ್ಪಾಳೆ ತಟ್ಟಿದೆವು. ವಾರವಿಡೀ ಅದೇ ಮಾತಾಡಿ ಎಲ್ಲವೂ ಬಾಯಿಪಾಠವಾಗಿತ್ತು. ಕಾಗದದ ಮೇಲೆ ಇಲ್ಲದ್ದನ್ನೂ ನಾವು ಓದುತ್ತಿದ್ದೆವು. ಇನ್ನೂರು ಪೋಸ್ಟರ್ ಅಂಟಿಸಿ ಬಂದೆವು.

ಭಾನುವಾರ ಬೆಳಿಗ್ಗೆ ಸ್ಟುಡಿಯೋ ಕೆಳಗಿನ ಚಹಾ ಅಂಗಡಿಯವನು ಕೇಳಿದ, "ಸಂಜೆ ಐದಕ್ಕೆ ನಿಲ್ಸೋದು ನೀರಾ, ಕರೆಂಟಾ? ನಮ್ಮನೆಯವ್ಳು ಬಕೆಟ್ಟು, ಪಾತ್ರೆ ಎಲ್ಲಾ ತುಂಬಿಸಿಟ್ಟಿದಾಳೆ."

ಎದುರಿನ ಗೋಡೆ ನೋಡಿದೆ. ಅಷ್ಟಗಲ ಬಿಳಿ ಕಾಗದದ ಮೂಲೆಯಲ್ಲಿ "ಭಾನುವಾರ, ಸಂಜೆ ಐದು." ಅಷ್ಟೇ.

ಆಮೇಲೆ ನಡೆದದ್ದನ್ನು ನೆನೆದರೆ ಈಗಲೂ ನಗು ತಡೆಯಲಾಗುವುದಿಲ್ಲ. ಹುಟ್ಟಿದಾಗಿನಿಂದ ಸೊಟ್ಟ ಗೆರೆ ಎಳೆಯದ ಮೂವರು ದಪ್ಪ ಮಾರ್ಕರ್ ಹಿಡಿದು ಬೀದಿಬೀದಿ ಓಡಿದೆವು. ಅಕ್ಕ ಏದುಸಿರು ಬಿಡುತ್ತ ದಾರಿ ತೋರಿಸುವ ಬಾಣ ಎಳೆದರು. ಅಳತೆ ಬಿಡಿಸಿದ ಮೌತ್ ಆರ್ಗನ್ ಬಾಚಣಿಗೆಯಂತೆ ಬಂತು. ಪಕ್ಕದಲ್ಲಿ "ಬಾಚಣಿಗೆ ಅಲ್ಲ" ಎಂದು ಬರೆದ. ನಾನು ಅಪ್ಪನ ಹೆಸರನ್ನು ಮೊಳದುದ್ದ ಬರೆದು, ಅದರಡಿ "ಇವರು ನನ್ನ ಅಪ್ಪ, ತುಂಬಾ ಚೆನ್ನಾಗಿ ನುಡಿಸುತ್ತಾರೆ, ದಯವಿಟ್ಟು ಬನ್ನಿ" ಎಂದೂ ಸೇರಿಸಿದೆ. ಜನ ಮುತ್ತಿಕೊಂಡರು. "ಅಯ್ಯೋ, ಇಷ್ಟೇನಾ? ಸದ್ಯ, ನೀರು ನಿಲ್ಲಲ್ವಲ್ಲ" ಎಂದಳು ಒಬ್ಬ ಅಜ್ಜಿ.

ಐದಕ್ಕೆ ಸಭಾಂಗಣದಲ್ಲಿ ಕಾಲಿಡಲು ಜಾಗವಿರಲಿಲ್ಲ. ನೀರು ನಿಲ್ಲದ ಖುಷಿಗೆ ಬಂದವರೇ ಅರ್ಧ. ಅಪ್ಪ ಪರದೆಯ ಸಂದಿಯಿಂದ ಇಣುಕಿ, ಬೆವರೊರೆಸಿಕೊಂಡು, "ಇಷ್ಟೊಂದು ಜನಾನ ಕರೀ ಅಂತ ಯಾರು ಹೇಳಿದ್ರು ನಿಂಗೆ?" ಎಂದು ನನ್ನನ್ನೇ ಗದರಿದರು. ಬೆನ್ನಿಗೆ ಕೈಕೊಟ್ಟು ವೇದಿಕೆಗೆ ನೂಕಿದೆ. ಬೇರೆ ದಾರಿ ಇರಲಿಲ್ಲ.

ಮೊದಲ ರಾಗ ನಡುಗಿತು. ಎರಡನೆಯದಕ್ಕೆ ಅವರ ಪಾದ ತಾಳ ಹಾಕಿತು. ಮೂರನೆಯದಕ್ಕೆ ಚಹಾ ಅಂಗಡಿಯವನ ಹೆಂಡತಿ ಎದ್ದು ಕುಣಿದರು, ನಾನು ಅಳುತ್ತಲೇ ನಕ್ಕೆ. ಒಂದು ಗಂಟೆಯ ಕಾರ್ಯಕ್ರಮ ಎರಡಾಯಿತು. ಕಾವಲುಗಾರ ಬೀಗದ ಕೈ ಅಲ್ಲಾಡಿಸುತ್ತ ಬಾಗಿಲಲ್ಲಿ ಬಂದು ನಿಂತ. ಆಗ ಅಪ್ಪ, ಮನೆಗೆ ನೆಂಟರು ಬಂದರೆ ಎರಡು ಮಾತೂ ಆಡದ ನನ್ನಪ್ಪ, ವೇದಿಕೆಯ ತುದಿಗೆ ಬಂದು ಗಂಟಲು ಸರಿಮಾಡಿಕೊಂಡರು.

"ಮುಂದಿನ ಭಾನುವಾರ ನೀವೆಲ್ಲ ಏನ್ ಮಾಡ್ತಿದೀರಿ?" ಎಂದು ಕೇಳಿದರು.