ಕಾವಿನ ಮುಂದೆ ಮೊದಲ ದಿನ

"ಕಾಲು ಹಿಡಿದು ಎಳೀರಿ, ಕೈ ರೋಲರ್ ಹತ್ರ ಇದೆ" ಎಂದು ಅವಳು ಹೇಳುವಷ್ಟರಲ್ಲಿ ಯಂತ್ರ ಇನ್ನೊಂದು ಬೆಡ್‌ಶೀಟನ್ನು ನುಂಗಿ ಆಚೆ ಕಡೆ ಉಗುಳಿತ್ತು. ಅದನ್ನು ನಿಲ್ಲಿಸಬೇಕೆಂಬುದು ಯಾರಿಗೂ ಹೊಳೆಯಲಿಲ್ಲ. ಇಬ್ಬರು ಸೇರಿ, ಯಂತ್ರದ ಮುಂದೆ ಕುಸಿದು ಬಿದ್ದಿದ್ದ ಅವಳ ಗಂಡನನ್ನು ಈಚೆಗೆ ಎಳೆದು ನೆಲದ ಮೇಲೆ ಮಲಗಿಸಿದರು. ಮುಖ ಕೆಂಡವಾಗಿತ್ತು. ಅವನು ಕಣ್ಣು ಬಿಟ್ಟು ಅವಳನ್ನೇ ದಿಟ್ಟಿಸಿ, "ನೀವು ಯಾರ ಮನೆಯವರು?" ಎಂದು ಕೇಳಿದ. ಮದುವೆಯಾಗಿ ಹನ್ನೊಂದು ವರ್ಷದಲ್ಲಿ ಅವನು ಹೆಂಡತಿಗೆ ಬಹುವಚನ ಕೊಟ್ಟದ್ದು ಅದೇ ಮೊದಲು. ಅವಳ ಜೀವ ಬಾಯಿಗೆ ಬಂತು.

ಮೇಸ್ತ್ರಿ ಗಡಿಯಾರ ನೋಡಿದ. ಮೂರು ವಾರ ಕೂತು ತಿಂದಿದ್ದಾನೆ, ಜಡ ಹೊರಗೆ ಬರುತ್ತಿದೆ, ಮುಖಕ್ಕೆ ಒಂದಿಷ್ಟು ನೀರು ಚಿಮುಕಿಸಿ ಸಾಕು ಅಂದ.

ಎದುರು ರಸ್ತೆಯ ಕ್ಲಿನಿಕ್ಕಿನ ನರ್ಸಮ್ಮ ಗದ್ದಲ ಕೇಳಿ ಓಡಿ ಬರದಿದ್ದರೆ ಅಷ್ಟರಲ್ಲೇ ಕಥೆ ಮುಗಿಯುತ್ತಿತ್ತು. ಆಕೆ ಮೊದಲು ಆಂಬುಲೆನ್ಸ್‌ಗೆ ಫೋನ್ ಮಾಡಿಸಿದಳು. ಅವನನ್ನು ಬಾಗಿಲ ಗಾಳಿಗೆ ಸಾಗಿಸಿ, ಅಂಗಿ ಬಿಚ್ಚಿಸಿ, ಒಗೆಯುವ ತೊಟ್ಟಿಯಿಂದ ತಣ್ಣೀರು ಬಕೆಟ್ಟುಗಟ್ಟಲೆ ಮೈಮೇಲೆ ಸುರಿಸಿದಳು. ಒದ್ದೆ ಶೀಟು ಹೊದಿಸಿ, ನಾಲ್ವರಿಗೆ ರಟ್ಟು ಕೊಟ್ಟು ಗಾಳಿ ಬೀಸಿ ಅಂದಳು. ಯಾರೋ ಲೋಟ ತಂದು ಬಾಯಿಗೆ ಹಿಡಿಯಹೋದಾಗ ಕೈ ತಳ್ಳಿದಳು. "ಹೆಂಡ್ತಿ ಗುರುತು ಸಿಗದವನಿಗೆ ನೀರು ಕುಡಿಸಬಾರದು. ಶ್ವಾಸಕ್ಕೆ ಹೋಗುತ್ತೆ. ಮೈ ತಣ್ಣಗಾಗಲಿ ಮೊದಲು."

ಅವನು ಬದುಕಿದ. ನಾಲ್ಕು ದಿನ ಆಸ್ಪತ್ರೆ, ಆಮೇಲೆ ಮನೆ. ಆದರೆ ಬಿದ್ದದ್ದು ಹೇಗೆ ಅನ್ನುವುದನ್ನು ಹೇಳಲೇಬೇಕು. ಯಾಕೆಂದರೆ ಅದು ಆಕಸ್ಮಿಕವಲ್ಲ.

ಅದು ಆಸ್ಪತ್ರೆ, ಹೋಟೆಲುಗಳ ಬಟ್ಟೆ ಒಗೆಯುವ ದೊಡ್ಡ ಲಾಂಡ್ರಿ. ಒದ್ದೆ ಶೀಟುಗಳನ್ನು ಹಬೆಯಿಂದ ಕಾದ ಉಕ್ಕಿನ ರೋಲರ್‌ಗೆ ಒಬ್ಬರು ಉಣಿಸಬೇಕು, ಆಚೆ ಬದಿಯಲ್ಲಿ ಇನ್ನೊಬ್ಬರು ಹಿಡಿದು ಮಡಿಸಬೇಕು. ಉಣಿಸುವುದು ಅವನ ಕೆಲಸ, ಮಡಿಸುವುದು ಅವಳದು. ಹದಿನಾರು ವರ್ಷ ಆ ಧಗೆಯ ಮುಂದೆ ನಿಂತವನೆಂದು ಎಲ್ಲರೂ ಅವನನ್ನು ಕಾವಲಿ ಎಂದೇ ಕರೆಯುತ್ತಿದ್ದರು. ಹೆಸರಿಗೆ ತಕ್ಕಂತೆ ಅವನಿಗೆ ಜಂಬವೂ ಇತ್ತು.

ಆ ಲಾಂಡ್ರಿಯಲ್ಲಿ ಒಂದು ಪದ್ಧತಿ. ರಜೆ ಮುಗಿಸಿ ಬಂದವರನ್ನು ಮೊದಲ ದಿನ ಪೂರ್ತಿ ಪಾಳಿ ರೋಲರ್ ಬಾಯಿಗೆ ನಿಲ್ಲಿಸುವುದು. ಅದಕ್ಕೆ 'ಜಡ ಬಿಡಿಸೋದು' ಎಂದು ಹೆಸರು. ಮಧ್ಯೆ ನೀರು ಕೇಳಿದರೆ ಸೋತ ಹಾಗೆ. ಕೇಳದೆ ಮುಗಿಸಿದರೆ ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಮೇಸ್ತ್ರಿ ನಗುತ್ತಾನೆ, ಮಾಲೀಕನಿಗೆ ಶೀಟು ಹೆಚ್ಚು ಸಿಗುತ್ತವೆ. ಹರ್ನಿಯಾ ಆಪರೇಷನ್ನಿಗೆಂದು ಮೂರು ವಾರ ಮನೆಯಲ್ಲಿದ್ದು ಬಂದವನಿಗೂ ರಿಯಾಯಿತಿ ಇರಲಿಲ್ಲ. ಅವನು ಕೇಳಲೂ ಇಲ್ಲ.

ಬಿದ್ದ ಮೇಲಾದರೂ ಬುದ್ಧಿ ಬಂತೇ? ಮನೆಗೆ ಬಂದು ಎರಡು ವಾರ ಕಳೆಯುವ ಹೊತ್ತಿಗೆ ಅವನು ಒಂದೇ ಹಠ ಹಿಡಿದಿದ್ದ. ಅರ್ಧಕ್ಕೇ ಬಿದ್ದೆನಲ್ಲ, ಸೋಮವಾರ ಹೋಗಿ ಪೂರ್ತಿ ಪಾಳಿ ನಿಂತು ತೋರಿಸುತ್ತೇನೆ, ಇಲ್ಲದಿದ್ದರೆ ಆ ಮಂದಿಗೆ ಮುಖ ತೋರಿಸೋದು ಹೇಗೆ ಅಂತ. ಅವಳು ಬೈದಳು, ಅತ್ತಳು, ಎರಡು ದಿನ ಮಾತು ಬಿಟ್ಟಳು. ಕೋಣನ ಮುಂದೆ ಕಿನ್ನರಿ. ಕೊನೆಗೆ ಶನಿವಾರ ಸಂಜೆ ಅವನ ಆರೋಗ್ಯ ನೋಡಲು ಬಂದ ನರ್ಸಮ್ಮನನ್ನೇ ಕೂರಿಸಿ, ನೀವೇ ಹೇಳಿ ಎಂದಳು.

"ಹದಿನಾರು ವರ್ಷ ಹಬೆ ಕುಡಿದ ಮೈ ಸಿಸ್ಟರ್" ಎಂದ ಅವನು. "ಒಂದಿನ ಬಿದ್ದೆ ಅಂದ್ರೆ ಹೊಟ್ಟೆ ಖಾಲಿ ಇತ್ತು ಅಷ್ಟೇ."

"ಅಣ್ಣ, ಮೈ ಕಾವಿಗೆ ಒಗ್ಗಿರುತ್ತೆ, ನಿಜ. ಆದ್ರೆ ಒಗ್ಗಿದ್ದು ಉಳಿಯಲ್ಲ" ಎಂದ ಆಕೆ ಅವನನ್ನು ಬಿಟ್ಟು ಅವಳ ಕಡೆ ತಿರುಗಿದಳು. "ನೀವು ಶೀಟು ಮಡಿಸೋರಲ್ವಾ? ನಿಮಗೆ ಬೇಗ ಗೊತ್ತಾಗುತ್ತೆ."

ಆಮೇಲೆ ಆಕೆ ಹೇಳಿದ್ದು ಇಷ್ಟು. ನಮ್ಮ ಮೈ ಕೋಟ್ಯಂತರ ಪುಟ್ಟ ಜೀವಕೋಶಗಳಿಂದ ಆಗಿದೆ. ಒಂದೊಂದು ಕೋಶದೊಳಗೂ ಸಾವಿರಾರು ಬಗೆಯ ಪ್ರೋಟೀನುಗಳು ಕೆಲಸ ಮಾಡುತ್ತಿರುತ್ತವೆ. ಪ್ರತಿಯೊಂದಕ್ಕೂ ಅದರದೇ ಮಡಿಕೆ ಇದೆ. ಮಡಿಕೆ ಸರಿಯಿದ್ದರೆ ಕೆಲಸ, ಬಿಚ್ಚಿಕೊಂಡರೆ ಕೆಲಸ ಕೆಟ್ಟಿತು. ಮೈಯ ಕಾವು ಮಿತಿ ಮೀರಿದಾಗ ಆ ಮಡಿಕೆಗಳು ಸಡಿಲವಾಗುತ್ತವೆ. ಬಿಚ್ಚಿಕೊಂಡವು ಒಂದಕ್ಕೊಂದು ಸಿಕ್ಕಿ, ಒದ್ದೆ ಬಟ್ಟೆಯ ಗಂಟಿನ ಹಾಗೆ ಮುದ್ದೆಯಾಗುತ್ತವೆ. ಕೋಶ ಸುಮ್ಮನೆ ನೋಡುತ್ತ ಕೂರುವುದಿಲ್ಲ. ಮಾಮೂಲಿ ಕೆಲಸ ಬಹುಪಾಲು ಬದಿಗಿಟ್ಟು, ಆಪತ್ತಿಗೆಂದೇ ಇರುವ ಬೇರೆ ಪ್ರೋಟೀನುಗಳನ್ನು ಹೆಚ್ಚು ಹೆಚ್ಚು ತಯಾರಿಸುತ್ತದೆ. ಶಾಖದ ಪೆಟ್ಟು ತಡೆಯುವ ಪ್ರೋಟೀನುಗಳು ಅಂತ ಅವುಗಳಿಗೆ ಹೆಸರು. ಅವು ಸಡಿಲವಾದದ್ದನ್ನು ಹಿಡಿದುಕೊಂಡು, ಗಂಟಾಗದಂತೆ ಕಾದು, ಮತ್ತೆ ಮಡಿಸುತ್ತವೆ. ಸರಿಪಡಿಸಲಾಗದಷ್ಟು ಕೆಟ್ಟದ್ದನ್ನು ಬಿಡಿಸಿ ವಿಲೇವಾರಿಗೆ ಕಳಿಸುತ್ತವೆ.

ಅವಳು ಸೆರಗಿನ ತುದಿಯನ್ನು ಮಡಿಸಿ, ಬಿಚ್ಚಿ ನೋಡಿದಳು. "ಅಂದ್ರೆ ಒಳಗೂ ಮಡಿಸೋರು ಇದ್ದಾರೆ. ಕಾವು ಜಾಸ್ತಿ ಆದ್ರೆ ಅಲ್ಲಿ ಆಳು ಜಾಸ್ತಿ ಹಾಕ್ತಾರೆ. ನಮ್ಮ ಲಾಂಡ್ರೀಲಿ ಹೋದ ಬೇಸಿಗೆಗೆ ಇಬ್ಬರನ್ನ ತೆಗೆದರು."

ನರ್ಸಮ್ಮ ನಕ್ಕಳು. ಕಾವಲಿ ನಗಲಿಲ್ಲ. ಅಷ್ಟೇ ಆದರೆ ಅಂಗಡಿಯಲ್ಲಿ ಪ್ರೋಟೀನ್ ಪುಡಿ ಡಬ್ಬ ಸಿಗುತ್ತಲ್ಲ, ಎರಡು ಚಮಚ ಕಲಸಿ ಕುಡಿದು ಹೋಗುತ್ತೇನೆ ಅಂದ.

ಪುಡಿಯಿಂದ ಇದು ಆಗುವುದಿಲ್ಲ ಎಂದಳು ಆಕೆ. ಇವು ಹೊರಗಿಂದ ತಿಂದು ಬರುವಂಥವಲ್ಲ, ಕೋಶ ತಾನೇ ಒಳಗೆ ತಯಾರಿಸಬೇಕು. ದಿನಾ ಸ್ವಲ್ಪ ಸ್ವಲ್ಪ ಕಾವಿಗೆ ಮೈ ಒಡ್ಡಿದಾಗ ಅವುಗಳ ದಾಸ್ತಾನು ಏರುತ್ತದೆ. ಬೆವರು ಬೇಗ ಬರಲು ಕಲಿಯುತ್ತದೆ, ರಕ್ತದ ಓಟವೂ ಹದಕ್ಕೆ ಬರುತ್ತದೆ. ಇದು ಮೊದಲ ಕೆಲವು ದಿನಗಳಲ್ಲೇ ಶುರುವಾಗುತ್ತದೆ, ಪೂರ್ತಿಯಾಗಲು ಒಂದೆರಡು ವಾರ ಬೇಕು. ಕೆಲವು ವಾರ ಕಾವಿನಿಂದ ದೂರವಿದ್ದರೆ ಈ ಸಿದ್ಧತೆ ಕರಗಿಹೋಗುತ್ತದೆ. ಅನುಭವ ಕೈಯಲ್ಲಿ ಉಳಿಯುತ್ತದೆ, ಕೋಶದಲ್ಲಿ ಉಳಿಯುವುದಿಲ್ಲ. ಒಂದು ವೇಳೆ ಸಿದ್ಧತೆ ಇದ್ದರೂ, ಕಾವು ಮಿತಿ ಮೀರಿದರೆ ಒಳಗಿನವರೂ ಕೈಚೆಲ್ಲುತ್ತಾರೆ. ಯಾರ ಮೈಯೂ ಕಾವಲಿಯಲ್ಲ.

"ಹಾಗಾದ್ರೆ ಮೇಸ್ತ್ರಿಗೆ ಗೊತ್ತಿಲ್ವಾ ಇದು?" ಎಂದು ಅವಳು ಕೇಳಿದಳು. ಕೇಳುತ್ತಲೇ ಅವಳಿಗೆ ಸಿಟ್ಟು ನೆತ್ತಿಗೇರಿತು. "ಗೊತ್ತು ಅವನಿಗೆ. ರೋಲರ್ ಎರಡು ದಿನ ನಿಂತಿದ್ರೆ ಹಬೆ ಒಂದೇ ಸಲ ಬಿಡೋಲ್ಲ. ವಾಲ್ವನ್ನ ಒಂದೊಂದೇ ಸುತ್ತು ತಿರುಪ್ತಾನೆ. ಒಂದೇ ಸಲ ಬಿಟ್ರೆ ಉಕ್ಕು ಬಿರಿಯುತ್ತೆ ಅಂತ ಪಕ್ಕದಲ್ಲೇ ನಿಂತು ಕಾಯ್ತಾನೆ. ಕಬ್ಬಿಣಕ್ಕಿರೋ ಮರ್ಯಾದೆ ನಿಮಗಿಲ್ಲ ಕಣ್ರೀ."

ಗಂಡ ಉತ್ತರಿಸುವ ಮುಂಚೆ ಮಾತಾಡಿದ್ದು ಅಷ್ಟು ಹೊತ್ತು ಮೂಲೆಯಲ್ಲಿ ಗುಂಡಿ ಹೊಲಿಯುತ್ತಿದ್ದ ಅವನ ಅಮ್ಮ. ಅದೇ ಲಾಂಡ್ರಿಯಲ್ಲಿ ಇಪ್ಪತ್ತೈದು ವರ್ಷ ದುಡಿದು ಮನೆ ಸೇರಿದವರು. ಸೊಸೆ ಹೂಂ ಅಂದರೆ ಉಹೂಂ ಅನ್ನುವ ಜಾತಿ. ಅವರು ಸೂಜಿ ಕೆಳಗಿಟ್ಟರು.

"ನಮ್ಮ ಕಾಲದಲ್ಲಿ ಒಬ್ಬಳಿದ್ದಳು. ಪುಟಾಣಿ ಅಂತಿದ್ವಿ. ಬಾಣಂತನ ಮುಗಿಸಿ ಬಂದ ದಿನ ಜಡ ಬಿಡಿಸಿದ್ವಿ. ಸಾಕು ಅಕ್ಕ, ತಲೆ ಸುತ್ತುತ್ತೆ ಅಂದಳು. ನಾನೇ ಹೆಗಲು ಹಿಡಿದು ಮತ್ತೆ ನಿಲ್ಲಿಸ್ದೆ. ನಗಾಡ್ಕೊಂಡು."

ಅವರು ತಮ್ಮ ಅಂಗೈ ಬಿಡಿಸಿ ನೋಡಿಕೊಂಡರು.

"ಸತ್ತಳು. ಅವಳ ಹೃದಯ ಮೊದಲೇ ವೀಕು ಅಂದರು. ನಾವೂ ಹಾಗೇ ಅಂದ್ವಿ. ಅಂದ್ಕೊಂಡ್ರೆ ಸುಖವಾಗಿತ್ತು." ಅವರು ಮಗನ ಕಡೆ ನೋಡಲಿಲ್ಲ. "ಅವಳನ್ನ ನಿಲ್ಲಿಸಿದ ಕೈ ಇದು. ನಿನ್ನನ್ನೂ ಹಾಗೇ ಕಳಿಸ್ಲಾ ಹೇಳು?"

ಅವಳಿಗೆ ಅತ್ತೆಯ ಮೇಲೆ ಕೋಪ ಬರಬೇಕಿತ್ತು. ಬಂದದ್ದು ಮೇಸ್ತ್ರಿ, ಮಾಲೀಕರ ಮೇಲೆ. ಎಷ್ಟು ಜಾಣತನದ ಪದ್ಧತಿ ಇದು. ಕೊಲ್ಲುವ ಕೆಲಸವನ್ನೂ ಕೂಲಿಗಳ ಕೈಯಲ್ಲೇ ಮಾಡಿಸುವುದು, ಅದಕ್ಕೆ ಚಪ್ಪಾಳೆಯನ್ನೂ ಅವರಿಂದಲೇ ತಟ್ಟಿಸುವುದು. ಬಿದ್ದರೆ ಬಿದ್ದವನ ಹೊಟ್ಟೆ ಖಾಲಿ, ಸತ್ತರೆ ಸತ್ತವಳ ಹೃದಯ ವೀಕು. ಕಾವಿನ ಹೆಸರು ಮಾತ್ರ ಯಾರ ಬಾಯಲ್ಲೂ ಬರುವುದಿಲ್ಲ.

ನರ್ಸಮ್ಮ ಡಾಕ್ಟರ ಚೀಟಿಯನ್ನು ಓದಿ ಹೇಳಿ, ಮೇಜಿನ ಮೇಲಿಟ್ಟು ಎದ್ದಳು. ಒಮ್ಮೆ ಶಾಖಾಘಾತ ಆದವನಿಗೆ, ಉಳಿದವರ ಹಾಗೆ ಕೆಲವೇ ದಿನದಲ್ಲಿ ಪೂರ್ತಿ ಪಾಳಿಗೆ ಮರಳುವ ಲೆಕ್ಕ ಹೊಂದುವುದಿಲ್ಲ. ಎರಡು ವಾರ ಲಾಂಡ್ರಿಯ ಹಿತ್ತಿಲ ನೆರಳಲ್ಲಿ ಬಟ್ಟೆ ವಿಂಗಡಿಸುವ ಮೇಜು ಮಾತ್ರ. ರೋಲರ್ ಮಾತು ಏನಿದ್ದರೂ ಡಾಕ್ಟರು ಮತ್ತೆ ನೋಡಿದ ಮೇಲೆ, ಅದೂ ನಿಧಾನವಾಗಿ. ಓದಿ ಹೇಳಿದ್ದನ್ನು ಅವನು ಕೇಳಿಸಿಕೊಂಡ.

ಇದನ್ನು ಓದುತ್ತಿರುವ, ಕೇಳುತ್ತಿರುವ ನೀವು ಯಾವ ಕಾವಿನ ಮುಂದೆ ನಿಲ್ಲುತ್ತೀರೋ ಗೊತ್ತಿಲ್ಲ. ಇಟ್ಟಿಗೆ ಗೂಡಿರಬಹುದು, ಬೇಕರಿಯ ಒಲೆ ಇರಬಹುದು, ಎರಕದ ಮನೆ ಇರಬಹುದು, ತಗಡಿನ ಮಾಡಿನ ಗೋದಾಮು ಇರಬಹುದು. ಕೆಲವು ವಾರ ಬಿಟ್ಟು ಮರಳಿದ್ದರೆ ಮೊದಲ ದಿನ ಅರ್ಧ ಪಾಳಿ ಸಾಕು. ಎರಡು, ಮೂರನೆಯ ದಿನ ಸ್ವಲ್ಪ ಸ್ವಲ್ಪ ಏರಿಸಿ, ನಾಲ್ಕನೆಯ ದಿನಕ್ಕೆ ಪೂರ್ತಿ. ಹೊಸಬರಾದರೆ ಮೊದಲ ದಿನ ಐದರಲ್ಲಿ ಒಂದು ಪಾಲಷ್ಟೇ, ಆಮೇಲೆ ದಿನಕ್ಕೊಂದು ಪಾಲು ಸೇರಿಸುತ್ತ ಹೋಗಿ. ಬಾಯಾರುವ ಮುಂಚೆಯೇ ನೀರು ಕುಡಿಯಿರಿ. ಪಕ್ಕದವನು ತೊದಲಿದರೆ, ತೂರಾಡಿದರೆ, ಸಂಬಂಧವಿಲ್ಲದ್ದು ಮಾತಾಡಿದರೆ ನಗಬೇಡಿ. ಯಂತ್ರ ನಿಲ್ಲಿಸಿ, ಆಂಬುಲೆನ್ಸ್ ಕರೆಯಿರಿ, ಅದು ಬರುವವರೆಗೂ ಮೈಗೆ ತಣ್ಣೀರು ಸುರಿಯುತ್ತಲೇ ಇರಿ. ನಿಮ್ಮ ಒಂದೊಂದು ಕೋಶವೂ ನಿಮ್ಮನ್ನು ಉಳಿಸಲು ಹೆಣಗುತ್ತದೆ. ಅದಕ್ಕೆ ಬೇಕಾದ ಮೊದಲ ನಾಲ್ಕೈದು ದಿನ ಕೊಡದ ಮೇಸ್ತ್ರಿಯನ್ನು ಒಬ್ಬೊಬ್ಬರಾಗಿ ಅಲ್ಲ, ಹತ್ತು ಮಂದಿ ಸೇರಿ ಕೇಳಿ. ಅದು ಭಿಕ್ಷೆಯಲ್ಲ.

ಸೋಮವಾರ ಬೆಳಿಗ್ಗೆ ಗಂಡ ಹೆಂಡತಿ ಒಟ್ಟಿಗೆ ಹೋದರು. ಡಾಕ್ಟರ ಚೀಟಿ ಅವನ ಜೇಬಿನಲ್ಲಿತ್ತು. ಆದರೆ ಒಳಗೆ ಕಾಲಿಟ್ಟೊಡನೆ ಇಪ್ಪತ್ತು ಜನ ಅವನನ್ನು ನೋಡಿದರಲ್ಲ, ಆಗ ಅವನ ಎದೆ ತಾನಾಗಿ ಮುಂದೆ ಬಂದದ್ದನ್ನು ಕಂಡು ಅವಳಿಗೆ ದಿಗಿಲಾಯಿತು.

ಮೇಸ್ತ್ರಿ ಚೀಟಿಯನ್ನು ಓದಿ, ಮಡಿಸಿ, ಅವನ ಜೇಬಿಗೇ ತುರುಕಿದ. ಬೈಯಲಿಲ್ಲ. ಹೆಗಲ ಮೇಲೆ ಕೈ ಹಾಕಿ ರೋಲರ್ ಕಡೆ ನಡೆಸಿಕೊಂಡು ಹೋದ. ಯಜಮಾನರ ಹತ್ತಿರ ಮಾತಾಡಿದ್ದೇನೆ ಅಂದ. ಈ ಸಾಲಿನ ಮೇಲ್ವಿಚಾರಣೆ ಇನ್ನು ನಿನ್ನದೇ, ಶೀಟು ಮುಟ್ಟುವುದೇ ಬೇಡ, ನಿಂತು ಕೂಗಿದರೆ ಸಾಕು ಅಂದ.

"ಒಂದೇ ಒಂದು ಪಾಳಿ ಕಣೋ ಕಾವಲಿ. ಇವತ್ತು ಎಲ್ಲರ ಎದುರಿಗೆ ಮುಗಿಸಿಬಿಡು. ನಾಳೆಯಿಂದ ಇವರ ಜಡ ಬಿಡಿಸೋನು ನೀನೇ."

ಆಚೆ ಬದಿಯ ಮಡಿಸುವ ಮೇಜಿನ ಹತ್ತಿರ ಅವಳು ಕೈಯಲ್ಲಿದ್ದ ಶೀಟನ್ನು ಅರ್ಧಕ್ಕೇ ಬಿಟ್ಟು ಇತ್ತ ನೋಡಿದಳು. ಅವನು ಹೆಗಲ ಮೇಲಿದ್ದ ಕೈಯನ್ನು ಮೆಲ್ಲಗೆ ಎತ್ತಿ ಪಕ್ಕಕ್ಕಿಟ್ಟ.

"ಬೇಡ" ಎಂದ. "ಇವತ್ತು ನಾನು ನಿಲ್ಲಲ್ಲ. ನಾಳೆ ಯಾರನ್ನೂ ನಿಲ್ಲಿಸೋದೂ ಇಲ್ಲ."