ಮಹಾಲಿಂಗನ ಕುಲೆ ಮದುವೆ

ಮಹಾಲಿಂಗ ಕಾರ್ಗಿಲ್ ಯುದ್ಧದಲ್ಲಿ ಸತ್ತಾಗ ಅವನಿಗೆ ಮದುವೆಯಾಗಿರಲಿಲ್ಲ. ಇಷ್ಟು ವರ್ಷ ಸುಮ್ಮನಿದ್ದ ಮರ್ಕಂಜದ ಅವನ ಮನೆಯವರಿಗೆ ಈಗ ಜೋಯಿಸರು ಪ್ರಶ್ನೆಯಿಟ್ಟು ಹೇಳಿದರು, ಮದುವೆ ಕಾಣದೆ ಹೋದ ಜೀವ ಬಾಗಿಲಲ್ಲೇ ನಿಂತಿದೆ ಎಂದು. ಸತ್ತವರಿಗೆ ಸತ್ತವರನ್ನೇ ತಂದು ಮಾಡುವ ಕುಲೆ ಮದುವೆ ಈ ಕಡೆ ಹೊಸತೇನಲ್ಲ. ಐವರ್ನಾಡಿನಲ್ಲಿ ಜ್ವರಕ್ಕೆ ತೀರಿಕೊಂಡ ಹುಡುಗಿಯೊಬ್ಬಳ ಜಾತಕ ಕೂಡಿಬಂತು.

ಕೌಸಲ್ಯಾ ಮಾತ್ರ ಯಾರಿಗೂ ನೆನಪಾಗಲಿಲ್ಲ. ಮಹಾಲಿಂಗ ಕೊನೆಯ ರಜೆಯಲ್ಲಿ ಮಾತು ಕೊಟ್ಟು ಹೋದದ್ದು ಅವಳಿಗೆ. ಬಂದ ಸಂಬಂಧಗಳನ್ನೆಲ್ಲ ಬೇಡವೆಂದು, ಅವನ ಹೆಸರಿಟ್ಟ ಬಸ್‌ಸ್ಟ್ಯಾಂಡಿನಲ್ಲಿರುವ ಅವನ ಫೋಟೋಕ್ಕೆ ಪ್ರತಿವರ್ಷ ಮಾಲೆ ಹಾಕುತ್ತಲೇ ಕೂದಲು ನರೆತವಳು. ಅವಳಿಗೂ ಕರೆ ಬಂತು, ಬಡಿಸಲಿಕ್ಕೆ ಜನ ಸಾಲದೆಂದು! ಹೊಟ್ಟೆ ಉರಿದರೂ ಹೋದಳು. ಅವನ ಮದುವೆಗೆ ಅವಳಲ್ಲದೆ ಇನ್ಯಾರು ಹೋಗಬೇಕು?

ಚಾವಡಿಯಲ್ಲಿ ಮದುಮಕ್ಕಳ ಬದಲಿಗೆ ಎರಡು ಮಣೆ. ಒಂದರ ಮೇಲೆ ಪಂಚೆ, ಶಲ್ಯ. ಇನ್ನೊಂದರ ಮೇಲೆ ಗಿಳಿಹಸಿರು ಸೀರೆ, ಅಂಚಿನ ತುಂಬ ನವಿಲು. ಕೌಸಲ್ಯಾಳ ಕೈಯ ಸೌಟು ಅಲ್ಲೇ ನಿಂತಿತು.

"ಗಿಳಿಹಸಿರು, ಅಂಚಲ್ಲಿ ನವಿಲುಂಟು. ನಿಂಗೆ ತೆಗ್ದಿಟ್ಟಿದ್ದೇನೆ" ಎಂದು ಅವನು ಪಕ್ಕದ ಮನೆಯ ಫೋನಿಗೆ ಕರೆ ಮಾಡಿ ಹೇಳಿದ್ದ. ಸತ್ತ ಮೇಲೆ ಸೇನೆಯಿಂದ ಅವನ ಟ್ರಂಕು ಬಂದಾಗ ಅವಳು ನಾಚಿಕೆ ಬಿಟ್ಟು ಅವನ ಅಕ್ಕ ಪರಮೇಶ್ವರಿಯನ್ನು ಕೇಳಿದ್ದಳು. "ಹಾಗಿದ್ದದ್ದು ಎಂತದೂ ಇರ್ಲಿಲ್ಲ ಮಾರಾಯ್ತಿ" ಎಂದು ಅಕ್ಕ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಹೇಳಿಬಿಟ್ಟಿದ್ದಳು.

"ಪರಮೇಶ್ವರಿಯಕ್ಕ, ಆ ಸೀರೆ ಟ್ರಂಕಿಂದಲ್ವಾ?"

ಪರಮೇಶ್ವರಿ ದನಿ ತಗ್ಗಿಸಿದಳು. "ನಿನ್ನ ಒಳ್ಳೇದಕ್ಕೇ ಸುಳ್ಳು ಹೇಳಿದ್ದು. ಕೊಟ್ಟಿದ್ರೆ ನೀನು ಅದನ್ನೇ ಅಪ್ಪಿಕೊಂಡು ಕೂತ್ಕೊಳ್ತಿದ್ದಿ, ಬೇರೆ ಮದುವೆ ಆಗ್ತಿರ್ಲಿಲ್ಲ."

"ಈಗ ಆದೆನಾ?"

ನಂಬಿದವಳ ಕತ್ತು ಕೊಯ್ದು ಒಳ್ಳೆಯದಕ್ಕೆ ಅನ್ನುತ್ತಾಳಲ್ಲ! ಕೌಸಲ್ಯಾ ಸೀರೆಯನ್ನು ಎಳೆದುಕೊಳ್ಳಲೆಂದೇ ಬಗ್ಗಿದಳು. ಅಷ್ಟರಲ್ಲಿ ಸತ್ತ ಹುಡುಗಿಯ ತಾಯಿ ಅದರ ಅಂಚು ಸವರಿ, "ನಮ್ಮ ಮಗುವಿಗೆ ಹಸಿರಂದ್ರೆ ಜೀವ" ಎಂದು ಕಣ್ಣೊರೆಸಿಕೊಂಡರು. ಕೌಸಲ್ಯಾ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದಳು.

ತಾಳಿ ಇಟ್ಟರು. ಎಲ್ಲರೂ ಮಣೆಗಳ ಮೇಲೆ ಅಕ್ಕಿಕಾಳು ಹಾಕಿ ಹರಸಿದರು. ಕೌಸಲ್ಯಾ ಸೀರೆಯ ಮೇಲೆ ಮಾತ್ರ ಹಾಕಿದಳು. ಹುಡುಗಿಯದೇನು ತಪ್ಪು, ಪಾಪ. ಉಳಿದ ಕಾಳನ್ನು ಹರಿವಾಣಕ್ಕೇ ಸುರಿದು ಅಂಗಳಕ್ಕಿಳಿದಳು.

"ಊಟ ಮಾಡಿ ಹೋಗು" ಎಂದು ಪರಮೇಶ್ವರಿ ಹಿಂದೆಯೇ ಬಂದಳು.

"ಫೋಟೋಕ್ಕೆ ಇನ್ನು ನೀವೇ ಮಾಲೆ ಹಾಕಿ ಅಕ್ಕ. ಇನ್ನೊಬ್ಬಳ ಗಂಡನಿಗೆ ನಾನು ಮಾಲೆ ಹಾಕುದು ಹೇಗೆ?"