ಬೀಟ್‌ರೂಟ್ ಅಲ್ಲದ ಕೆಂಪು

ನಾನು ಒಂದು ಅಳತೆಯ ಜಗ್ಗು. ಕರಗಿದ ಪ್ಲಾಸ್ಟಿಕ್ಕಾಗಿ ಕಾರ್ಖಾನೆಯ ಬಿಸಿ ಅಚ್ಚಿಗಿಳಿದು, ತಣ್ಣಗಾಗಿ, ಪಾರದರ್ಶಕ ಮೈಯೊಂದಿಗೆ ಹೊರಬಿದ್ದೆ. ಪಕ್ಕೆಯ ಮೇಲೆ ನೀಲಿ ಗೆರೆಗಳನ್ನು ಒತ್ತಿದರು. ಒಳಗಿರುವುದನ್ನು ಬಚ್ಚಿಡಲಾಗದ ದೇಹ ನನಗೆ ಹುಟ್ಟಿನಿಂದಲೇ ಬಂದದ್ದು. ಒಡಹುಟ್ಟಿದವರಲ್ಲಿ ಕೆಲವರು ಬೇಕರಿಗೆ ಹೋದರು, ಕೆಲವರು ಹಾಲಿನ ಡೇರಿಗೆ. ನಾನು ಮೈಸೂರಿನ ಆಸ್ಪತ್ರೆಯೊಂದರ ಎದುರಿನ ಔಷಧದ ಅಂಗಡಿ ಸೇರಿದೆ.

ಅಲ್ಲಿಂದ ನನ್ನನ್ನು ಕೊಂಡವರು ನಂಜನಗೂಡಿನ ದೇವೀರಮ್ಮ. ಮಜ್ಜಿಗೆ ಅಳೆಯುವುದಕ್ಕೆಂದು ಆಕೆ ಭಾವಿಸಿದ್ದರು. ವಾರ್ಡಿನ ಫಿಲೋಮಿನಾ ಸಿಸ್ಟರ್ ನಕ್ಕು, "ಅಮ್ಮಾ, ಇದು ನಿಮ್ಮ ತಮ್ಮ ಮಾಡುವ ಮೂತ್ರ ಅಳೆಯೋದಕ್ಕೆ" ಎಂದಾಗ, ಆಕೆ ನನ್ನನ್ನು ಎದೆಯಿಂದ ಒಂದು ಮೊಳ ದೂರ ಹಿಡಿದರು.

ತಮ್ಮ ಶಿವನಂಜು ಟೈಲರ್. ಅವನಿಗೆ ರಕ್ತದ ಕ್ಯಾನ್ಸರ್. ಅವನ ಮಜ್ಜೆಯನ್ನು ಔಷಧಗಳಿಂದ ಬರಿದುಮಾಡಿ, ಅಕ್ಕನ ಅಸ್ಥಿಮಜ್ಜೆಯನ್ನು ರಕ್ತ ಕೊಡುವಂತೆಯೇ ಅವನಿಗೆ ಏರಿಸಿದ್ದರು. ಅದು ಬೇರೂರುವವರೆಗೆ ಅವನು ಗಾಜಿನ ಬಾಗಿಲಿನ ಕೋಣೆಯಲ್ಲಿ ಒಬ್ಬನೇ ಇರಬೇಕು. ಅಕ್ಕ ಮಾಸ್ಕ್ ಕಟ್ಟಿಕೊಂಡು ಬಂದು, ಚೆನ್ನಾಗಿ ಬೇಯಿಸಿದ ಊಟದ ಡಬ್ಬಿ ಇಟ್ಟು, ಸ್ವಲ್ಪ ಹೊತ್ತು ಮಾತಾಡಿ ಹೊರಡಬೇಕು.

ದಿನವೂ ಬೀಟ್‌ರೂಟ್ ಪಲ್ಯ ಬರುತ್ತಿತ್ತು.

"ಮಜ್ಜೆ ಕೊಟ್ಟಿದೀನಿ. ಇನ್ನು ರಕ್ತ ಊರೋದು ಇದರಿಂದಲೇ. ಪೂರ್ತಿ ತಿನ್ನಬೇಕು ಕಣೋ."

"ತಿಂತೀನಿ ಅಕ್ಕ."

ಅವನು ತಿನ್ನುತ್ತಿರಲಿಲ್ಲ. ಬಾಯೆಲ್ಲ ಹುಣ್ಣಾಗಿತ್ತು, ಅನ್ನದ ಗಂಜಿಯೇ ಗಂಟಲಲ್ಲಿ ಉರಿಯುತ್ತಿತ್ತು. ಅಕ್ಕ ಹೋದ ಕೂಡಲೇ ಪಲ್ಯವನ್ನು ಕವರಿಗೆ ಸುರಿದು, ಗಂಟು ಹಾಕಿ, ಕಸದ ಡಬ್ಬಿಯ ತಳಕ್ಕೆ ತುರುಕುತ್ತಿದ್ದ. ಖಾಲಿ ಡಬ್ಬಿ ಕಂಡ ಅಕ್ಕನ ಕಣ್ಣು ಅರಳುತ್ತಿತ್ತು. ಇದೆಲ್ಲವನ್ನೂ ನಾನು ನೆಲದಿಂದ ನೋಡುತ್ತಿದ್ದೆ.

ಒಂದು ಬೆಳಿಗ್ಗೆ ನನ್ನೊಳಗೆ ಬಿದ್ದದ್ದು ತಿಳಿಗುಲಾಬಿ. ಮರುದಿನ ಕೆಂಪು. ಅವನು ನನ್ನನ್ನು ಕಿಟಕಿಯ ಬೆಳಕಿಗೆತ್ತಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ.

"ಇದೇನಿದು?" ಫಿಲೋಮಿನಾ ಸಿಸ್ಟರ್ ಹುಬ್ಬೇರಿಸಿದರು.

ಬಾಗಿಲಲ್ಲಿದ್ದ ದೇವೀರಮ್ಮ ಅವನಿಗಿಂತ ಮೊದಲೇ ಉತ್ತರಿಸಿದರು: "ಬೀಟ್‌ರೂಟ್ ಸಿಸ್ಟರ್. ತಿಂದದ್ದು ಮೈಗೆ ಹತ್ತುತಾ ಇದೆ, ನೋಡಿ!"

ಸಿಸ್ಟರ್ ಅವನತ್ತ ತಿರುಗಿದರು. "ತಿಂದಿದ್ರಾ?"

ನಾನು ಕಾದೆ. ಇಲ್ಲವೆಂದರೆ ಅಕ್ಕನ ಮುಖ ಕಂದುತ್ತದೆ. ಅದಕ್ಕಿಂತ ಹೆಚ್ಚಾಗಿ, ಇದು ರಕ್ತವೆಂದರೆ ತನ್ನ ಮಜ್ಜೆಯೇ ಕೆಟ್ಟಿತೆಂದು ಆಕೆ ಎದೆ ಬಡಿದುಕೊಳ್ಳುತ್ತಾರೆ. ಶಿವನಂಜು ಹೌದೆಂದು ತಲೆಯಾಡಿಸಿದ.

"ಹಾಗಾದರೆ ಇವತ್ತು ಬೀಟ್‌ರೂಟ್ ಬೇಡ. ನಾಳೆಯೂ ಹೀಗೇ ಇದ್ದರೆ ಪರೀಕ್ಷೆಗೆ ಕಳಿಸೋಣ" ಎಂದು ಸಿಸ್ಟರ್ ನನ್ನನ್ನು ತೊಳೆದಿಟ್ಟರು. ಕೂಗಲು ನನಗೆ ಬಾಯಿದ್ದರೂ ದನಿಯಿರಲಿಲ್ಲ.

ನಾಳೆಯವರೆಗೆ ಕಾಯುವ ವ್ಯವಧಾನ ರೋಗಕ್ಕಿರಲಿಲ್ಲ. ಮಧ್ಯಾಹ್ನ ಅವನು ನನ್ನನ್ನೆತ್ತಿಕೊಂಡು ಕುಳಿತ. ಉರಿ, ಮುಕ್ಕರಿಕೆ, ಕೊನೆಗೆ ದ್ರಾಕ್ಷಿಯಷ್ಟು ದಪ್ಪದ ರಕ್ತದ ಹೆಪ್ಪೊಂದು ಬಿದ್ದು ನನ್ನ ತಳಕ್ಕಂಟಿತು. ಆಮೇಲೆ ಹನಿಯೂ ಇಲ್ಲ. ಕಿಬ್ಬೊಟ್ಟೆ ಕಲ್ಲಾಯಿತು. ಡಾಕ್ಟರ್ ಅನಘಾ ಓಡಿಬಂದರು. ಹಿಂದೆಯೇ ದೇವೀರಮ್ಮ, "ನನ್ನ ಪಲ್ಯವೇ ಹೀಗೆ ಮಾಡ್ತೋ ಏನೋ..." ಎನ್ನುತ್ತ.

"ಅಕ್ಕ," ಅವನು ಹಲ್ಲು ಕಚ್ಚಿ ಹೇಳಿದ, "ನಿನ್ನ ಬೀಟ್‌ರೂಟ್ ನಾನು ತಿಂದೇ ಇಲ್ಲ. ಒಂದು ಚೂರೂ ಇಲ್ಲ."

ಡಾಕ್ಟರ್ ನನ್ನ ತಳವನ್ನೊಮ್ಮೆ ನೋಡಿದರು; ಅವನ ಮೂತ್ರನಾಳಕ್ಕೆ ಎರಡು ದಾರಿಯ ಕೊಳವೆ ಹಾಕಿಸಿದರು. ಒಂದು ದಾರಿಯಲ್ಲಿ ಸಲೈನ್ ಒಳಹೋಗಿ ಮೂತ್ರಕೋಶ ತೊಳೆದು, ಇನ್ನೊಂದರಲ್ಲಿ ಕೆಂಪಾಗಿ ಹೊರಬರತೊಡಗಿತು.

ಪರೀಕ್ಷೆಯಲ್ಲಿ ಕಂಡದ್ದು ಒಂದು ವೈರಸ್. "ಚಿಕ್ಕಂದಿನಿಂದ ಬಹಳ ಜನರ ಮೈಯಲ್ಲಿ ಸುಮ್ಮನೆ ಮಲಗಿರುತ್ತೆ. ರೋಗ ತಡೆಯೋ ಕಾವಲು ಇಲ್ಲದಾಗ ಎದ್ದಿದೆ," ಡಾಕ್ಟರ್ ವಿವರಿಸಿದರು. "ಇದು ನಿಮ್ಮ ಮಜ್ಜೆಯ ದೋಷವಲ್ಲ ಅಮ್ಮಾ, ಅದು ಬಲಿಯುವವರೆಗೆ ನಾವು ಹಿಡಿದು ನಿಲ್ಲಬೇಕು, ಅಷ್ಟೆ. ಮಜ್ಜೆಯಿಂದ ಹೋದ ನಿಮ್ಮ ಕಣಗಳು ವೈರಸ್ ಜೊತೆ ಹೋರಾಡಲಿ ಅಂತ, ಅವನ್ನು ತಡೆದಿಟ್ಟಿರುವ ಔಷಧ ಸ್ವಲ್ಪ ಇಳಿಸ್ತೀವಿ. ಅತಿಯಾಗಿ ಇಳಿಸಿದರೆ ಅವು ತಮ್ಮನ ಮೈಮೇಲೇ ತಿರುಗಿಬೀಳುತ್ತವೆ. ಇಳಿಸದಿದ್ದರೆ ವೈರಸ್ ಕಿಡ್ನಿಗೆ ಏರಬಹುದು."

"ನನ್ನೊಳಗೆ ಹೋದಮೇಲೂ ಜಗಳಕ್ಕೆ ನಿಲ್ತೀಯಲ್ಲ ಅಕ್ಕ," ಶಿವನಂಜು ಕ್ಷೀಣವಾಗಿ ಹೇಳಿದ.

"ಸುಮ್ನಿರೋ. ಆಡೋ ಜಗಳಾನ ನನ್ನ ಕಣಗಳು ಆ ವೈರಸ್ ಹತ್ರ ಆಡ್ಲಿ." ಅಕ್ಕನ ಮಾಸ್ಕ್ ಒದ್ದೆಯಾಗಿತ್ತು.

ಮುಂದಿನ ದಿನಗಳನ್ನು ನಾನು ಬಣ್ಣಗಳಲ್ಲೇ ಬದುಕಿದೆ. ಕೊಳವೆಯ ಚೀಲವನ್ನು ನನ್ನೊಳಗೆ ಖಾಲಿ ಮಾಡುವಾಗಲೆಲ್ಲ ಗಾಜಿನಾಚೆಯಿಂದ ದೇವೀರಮ್ಮ ನನ್ನನ್ನೇ ನೋಡುತ್ತಿದ್ದರು. ಕಡುಗೆಂಪು. ಮಾಂಸ ತೊಳೆದ ನೀರು. ಒಂದು ಬೆಳಿಗ್ಗೆ ಗುಲಾಬಿ; ಅದೇ ಸಂಜೆ ಮತ್ತೆ ಕೆಂಪು, ಮತ್ತೆ ಹೆಪ್ಪು. ಅವನಿಗೆ ರಕ್ತ ಏರಿಸಿದರು, ಪ್ಲೇಟ್‌ಲೆಟ್ ಏರಿಸಿದರು. ಕೊನೆಗೊಮ್ಮೆ ಒಣಹುಲ್ಲಿನ ಬಣ್ಣ ಬಂದು, ಮರುದಿನವೂ ಹಾಗೆಯೇ ಉಳಿಯಿತು. ಫಿಲೋಮಿನಾ ಸಿಸ್ಟರ್ ನನ್ನನ್ನು ಗಾಜಿನ ಬಳಿ ಎತ್ತಿ ಹಿಡಿದರು. ದೇವೀರಮ್ಮ ನನಗೇ ಕೈಮುಗಿದರು.

ಅವನ ಜೊತೆ ನನ್ನನ್ನೂ ನಂಜನಗೂಡಿಗೆ ಕರೆತಂದರು. ಈಗ ನಾನು ಮುದುಕ. ಹಿಡಿಕೆ ಸೀಳಿದೆ, ಗೆರೆಗಳು ಅಳಿಸಿವೆ, ಬಚ್ಚಲ ಮೂಲೆಯೇ ಮನೆ. ಅಳೆಯಬೇಕಿಲ್ಲವೆಂದು ಡಾಕ್ಟರ್ ಹೇಳಿ ಬಹಳ ಕಾಲವಾದರೂ ಶಿವನಂಜು ಬೆಳಿಗ್ಗೆ ನನ್ನನ್ನು ಬಿಡುವುದಿಲ್ಲ.

"ಏನ್ ಬಣ್ಣನೋ?" ಅಡುಗೆಮನೆಯಿಂದ ಅಕ್ಕ.

"ಹುಲ್ಲಿನ ಬಣ್ಣ."

ಇಂದು ಬೆಳಿಗ್ಗೆ ನನ್ನೊಳಗೆ ಕೆಂಪು ಬಿತ್ತು. ಅವನ ಉಸಿರು ನಿಂತಿತು.

"ಏನ್ ಬಣ್ಣನೋ? ಯಾಕೋ ಮಾತಿಲ್ಲ?" ಹೊರಗೆ ಸೌಟು ನೆಲಕ್ಕೆ ಬಿದ್ದ ಸದ್ದು.

ಅವನು ನನ್ನನ್ನು ಬೆಳಕಿಗೆತ್ತಿದ. ಹೆಪ್ಪಿಲ್ಲ. ಉರಿಯೂ ಇರಲಿಲ್ಲ. ಆಮೇಲೆ ರಾತ್ರಿಯ ತಟ್ಟೆ ನೆನಪಾಗಿ, ಬಚ್ಚಲೆಲ್ಲ ಮೊಳಗುವಂತೆ ನಗತೊಡಗಿದ.

"ಅಕ್ಕಾ, ಭಯಪಡಬೇಡ! ನಿನ್ನೆ ನಿಜವಾಗಲೂ ತಿಂದಿದೀನಿ!"